ಸರ್ಜ್ಯಾನ ಕೆಮ್ಮು

ಮನುಷ್ಯನಿಗೆ ಬಾಯಿ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ ಇರುವುದು ಹೊಸ ಸಂಗತಿಯೇನಲ್ಲ. ಆದರೆ ಇಚಲಕರಂಜಿಯ ಶಹಾಪುರದಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಕಾಡಸಿದ್ದನಲ್ಲಿ ಇವೆರಡರ ನಡುವಿನ ದಾರಿ ಸ್ವಲ್ಪ ಹೆಚ್ಚೇ ದೂರವಿತ್ತು. ಬಾಯಿ ಮುಂದೆ ಹೋಗಿ ಮಾತು ಕೊಟ್ಟುಬಿಡುತ್ತಿತ್ತು. ಬುದ್ಧಿ ನಿಧಾನವಾಗಿ ಹಿಂದಿನಿಂದ ಬಂದು, ಏನು ಮಾತು ಕೊಟ್ಟೆನೆಂದು ನಾಲ್ಕು ಜನರನ್ನು ವಿಚಾರಿಸಿ, ತಲೆಯ ಮೇಲೆ ಕೈ ಹೊತ್ತು ಕೂಡುತ್ತಿತ್ತು. ಮಗಳು ಮನೀಷಾಳ ಕುಬುಸದ ದಿನ ಆದದ್ದೂ ಇಷ್ಟೇ.

ಮನೀಷಾಳನ್ನು ಕೊಟ್ಟಿದ್ದು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಹಾಲಸಿದ್ದಪ್ಪನ ಮನೆಗೆ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಕಾರ್ಯ ಚೆನ್ನಾಗಿಯೇ ಮುಗಿಯಿತು. ಬೀಗರು ಪ್ರೀತಿಯಿಂದ ಒಂದು ಬೆಲ್ಲದ ಪೆಂಟೆಯನ್ನೂ ಕೊಟ್ಟರು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಕಾಡಸಿದ್ದ ತನ್ನ ಹಳೆಯ ಬಿಳಿ ಕಾರಿನಲ್ಲಿ ಕುಳಿತು ಚಾವಿ ತಿರುವಿದ. ಕಾರು ಕೆಮ್ಮಿತು. ಇನ್ನೊಮ್ಮೆ ತಿರುವಿದ. ಅದು ಇನ್ನೂ ಆಳದಿಂದ ಕೆಮ್ಮಿ, ಅಲ್ಲಿಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಕಪ್ಪು ಹೊಗೆಯನ್ನೆಲ್ಲ ಒಂದೇ ಸಲಕ್ಕೆ ಬಿಟ್ಟುಬಿಟ್ಟಿತು. ಬೀಳ್ಕೊಡಲು ಹಿಂದೆ ನಿಂತಿದ್ದ ಹಾಲಸಿದ್ದಪ್ಪನ ಇಸ್ತ್ರಿ ಮಾಡಿದ ಬಿಳಿ ಅಂಗಿ ಕಣ್ಣೆದುರಿಗೇ ಬೂದಿ ಬಣ್ಣಕ್ಕೆ ತಿರುಗಿತು.

“ಬೀಗರ, ಇದು ಕಾರೋ, ಬೆಲ್ಲಾ ಕಾಸೋ ಒಲಿಯೋ?” ಎಂದ ಹಾಲಸಿದ್ದಪ್ಪ.

ನೆರೆದವರು ನಕ್ಕರು. ನಕ್ಕಾಗ ನಕ್ಕು ಸುಮ್ಮನಾಗುವುದು ಬುದ್ಧಿಯ ಕೆಲಸ. ಅದಿನ್ನೂ ದಾರಿಯಲ್ಲಿತ್ತು.

“ಇದರ ಕಾಗದಾ ಪತ್ರಾ ಎಲ್ಲಾ ಪಕ್ಕಾ ಅದಾವ್ರಿ! ಮುಂದಿನ ಸೋಮವಾರ ನನ್ನ ಮಗಳನ್ನ ಬಾಣಂತನಕ್ಕ ಇದ ಗಾಡ್ಯಾಗ ಕರ್ಕೊಂಡು ಹೋಗಾಂವ ನಾನು. ಬಾಡಗಿ ಗಾಡಿ ನನ್ನ ಮಗಳಿಗೆ ನಡ್ಯಾಂಗಿಲ್ಲ!”

ಬಾಡಿಗೆ ಗಾಡಿಯ ಮಾತನ್ನು ಅಲ್ಲಿ ಯಾರೂ ಎತ್ತಿರಲೇ ಇಲ್ಲ. ಹಾಲಸಿದ್ದಪ್ಪ ವ್ಯಾಪಾರಿ. ಎದುರಿನವನ ಬಾಯಿಂದ ಬಿದ್ದ ಮಾತನ್ನು ನೆಲಕ್ಕೆ ಮುಟ್ಟಗೊಡದೆ ಹಿಡಿಯುವುದು ಅವನಿಗೆ ಪೇಟೆಯಲ್ಲಿ ಕಲಿತ ವಿದ್ಯೆ.

“ನಾಕು ಮಂದಿ ಮುಂದ ಆಡಿದ ಮಾತು, ಬೀಗರ. ಕಾಗದಾ ಪಕ್ಕಾ ಇರೋ ಇದ ಗಾಡಿ ಸೋಮವಾರ ಬರಲಿ, ಸೊಸೀನ್ನ ಕಳಸ್ತೇನಿ. ಬರಲಿಲ್ಲೋ, ಬಾಣಂತನ ನಮ್ಮ ಮನ್ಯಾಗ. ಹೊಟ್ಟ್ಯಾಗಿನ ಕೂಸಿಗೆ ಹೊಗಿ ಕುಡಸ್ಕೋತ ಕಳಸಾಕ ನಾ ತಯಾರಿಲ್ಲ.”

ಹೊಸ್ತಿಲಲ್ಲಿ ನಿಂತ ಮನೀಷಾ ಅಪ್ಪನ ಮುಖ ನೋಡಿದಳು. ಅಪ್ಪ ಕನ್ನಡಿ ಸರಿಮಾಡುವ ನೆವದಲ್ಲಿ ಮುಖ ತಿರುಗಿಸಿದ.

ಪಕ್ಕದಲ್ಲಿ ಕುಳಿತ ಹೆಂಡತಿ ಚನ್ನವ್ವ ಊರು ದಾಟಿದ ಮೇಲೆ ಹೇಳಿದಳು: “ಚೊಚ್ಚಲ ಬಾಣಂತನ ತವರಮನಿ ಬಿಟ್ಟು ಆತಂದ್ರ, ಈ ಜನ್ಮದಾಗ ನಾ ನಿಮ್ಮ ಕೂಡ ಮಾತಾಡಾಂಗಿಲ್ಲ ನೋಡ್ರಿ.”

ಬೇರೆ ದಿನವಾಗಿದ್ದರೆ ಇದನ್ನು ಕಾಡಸಿದ್ದ ಲಾಭದ ಬಾಬೆಂದೇ ಎಣಿಸುತ್ತಿದ್ದ. ಆದರೆ ಆಕೆಯ ದನಿ ಒದ್ದೆಯಾಗಿತ್ತು.

ಮನೆಗೆ ಬಂದು ಟ್ರಂಕು ತೆಗೆದು ಕಾರಿನ ಕಾಗದ ನೋಡಿದರೆ, ಒಮ್ಮೆ ಮುಂದುವರಿಸಿದ್ದ ನೋಂದಣಿಯ ಅವಧಿಯೂ ಹೋದ ದೀಪಾವಳಿಗೇ ತೀರಿತ್ತು. ಹೊಗೆ ತಪಾಸಣೆಯ ಚೀಟಿಯಂತೂ ಎಷ್ಟು ಹಳೆಯದೆಂದರೆ ಅದರ ಮೇಲಿನ ಅಕ್ಷರಗಳೆಲ್ಲ ಅಳಿಸಿ, ಕಾಗದವಷ್ಟೇ ಪ್ರಾಮಾಣಿಕವಾಗಿ ಉಳಿದಿತ್ತು. ‘ಎಲ್ಲಾ ಪಕ್ಕಾ’ ಎಂದವನು ಟ್ರಂಕಿನ ಮುಚ್ಚಳ ಹಿಡಿದುಕೊಂಡೇ ನೆಲಕ್ಕೆ ಕುಳಿತ.

ಈ ಕಾರಿನ ಇತಿಹಾಸ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಮುಂದಿನ ಅನಾಹುತದ ಬೇರು ಅಲ್ಲಿದೆ. ಚನ್ನವ್ವನ ತವರು ದಾನೋಳಿ. ಆಕೆ ಮನೀಷಾಳನ್ನು ಹೆತ್ತು ತವರಿನಲ್ಲಿದ್ದಾಗ, ಆಕೆಯ ಅಪ್ಪ ಟ್ರ್ಯಾಕ್ಟರ್ ತಂದು, ಸರ್ಜ್ಯಾ ಎಂಬ ಎತ್ತನ್ನು ಮಾರಿಬಿಟ್ಟ. ಆಕೆ ತನ್ನ ಕೈಯಾರೆ ಮೇಯಿಸಿದ ಎತ್ತು ಅದು. ಹಸಿ ಬಾಣಂತಿ ಅನ್ನ ಬಿಟ್ಟು ಅಳುತ್ತ ಕುಳಿತಳು. ಅದೇ ವಾರ ಕಾಡಸಿದ್ದ ಈ ಬಿಳಿ ಕಾರು ಕೊಂಡು, ಹೆಂಡತಿ ಕೂಸನ್ನು ಕರೆತರಲು ದಾನೋಳಿಗೆ ಹೋದ. ಕಾರಿನ ಬಾನೆಟ್ ತಟ್ಟಿ, “ಅಳಬ್ಯಾಡ. ನೋಡಿಲ್ಲೆ, ನಿನ್ನ ಸರ್ಜ್ಯಾ ತಿರುಗಿ ಬಂದಾನ” ಅಂದ. ಅವನು ಅಂದದ್ದು ತಮಾಷೆಗೆ. ಚನ್ನವ್ವ ಕಣ್ಣೊರೆಸಿಕೊಂಡು ಕಾರಿನ ಚಕ್ರಕ್ಕೆ ನೀರು ಹಾಕಿದಳು. ಅಂದಿನಿಂದ ಕಾರು ಸರ್ಜ್ಯಾ ಆಯಿತು. ಪ್ರತಿ ವರ್ಷ ಕರ್ನಾಟಕಿ ಬೆಂದೂರ ಎಂಬ ಎತ್ತಿನ ಹಬ್ಬಕ್ಕೆ, ಊರವರು ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ, ಇವರ ಮನೆಯ ಮುಂದೆ ಕಾರಿಗೆ ಗೊಂಡೆ ಕಟ್ಟಿ ಹೋಳಿಗೆ ನೈವೇದ್ಯವಾಗುತ್ತಿತ್ತು.

ಮರುದಿನ ಕಾಡಸಿದ್ದ ಸರ್ಜ್ಯಾನನ್ನು ಪೆಟ್ರೋಲ್ ಪಂಪಿನ ಪಕ್ಕದ ಹೊಗೆ ತಪಾಸಣೆಗೆ ಒಯ್ದ. ಜೊತೆಗೆ ಪಕ್ಕದ ಮನೆಯ ಕೃಷ್ಣಾತ ಬಂದ. ಲೋಕದಲ್ಲಿ ಯಾವ ತೊಂದರೆ ಇದ್ದರೂ ಕೃಷ್ಣಾತನ ಹತ್ತಿರ ಅದಕ್ಕೊಂದು ಉಪಾಯವಿರುತ್ತಿತ್ತು, ಮತ್ತು ಆ ಉಪಾಯದಿಂದ ಹುಟ್ಟುವ ತೊಂದರೆಗೆ ಇನ್ನೊಂದು ಉಪಾಯವೂ ಇರುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಸಾಯಲಿ ಎಂಬ ಹುಡುಗಿ ಕಾರಿನ ಹೊಗೆ ಕೊಳವೆಗೆ ತನ್ನ ಯಂತ್ರದ ನಳಿಗೆ ಹಾಕಿದಳು. ಯಂತ್ರ ಕಿರಗುಟ್ಟಿತು.

“ಕಾಕಾ, ಹೀ ಗಾಡೀ ನಾಪಾಸ,” ಎಂದಳು ಸಾಯಲಿ.

“ನಾಪಾಸ ಅಂದ್ರ? ಸ್ವಲ್ಪದರಾಗ ಹೋತೇನು?” ಎಂದು ಆಸೆಯಿಂದ ಕೇಳಿದ ಕಾಡಸಿದ್ದ.

“ಸ್ವಲ್ಪದರಾಗ ಅಲ್ರಿ ಕಾಕಾ. ಇಷ್ಟು ದೊಡ್ಡ ಅಂಕಿ ಈ ಮಶೀನಿನ್ಯಾಗ ಬರತಾವಂತ ನನಗೂ ಇವತ್ತ ತಿಳಿದಿದ್ದು.”

ಸಂಜೆಯೊಳಗೆ ಸುದ್ದಿ ಶಹಾಪುರದ ಎಲ್ಲ ಮಗ್ಗದ ಶೆಡ್ಡುಗಳನ್ನೂ ಸುತ್ತಿಬಂತು. ಕಾರನ್ನು ಸರಕಾರ ಜಪ್ತಿ ಮಾಡುತ್ತದೆ ಎಂದರು ಕೆಲವರು. ಜಪ್ತಿಯಲ್ಲ, ಮನೆ ಮುಂದೆಯೇ ಕತ್ತರಿಸಿ ಗುಜರಿಗೆ ಹಾಕುತ್ತಾರೆ ಎಂದರು ಬಲ್ಲವರು. ಎದುರು ಮನೆಯ ಚಂದ್ರಾಬಾಯಿ ಬಂದು, “ಚನ್ನವ್ವ, ಗುಜರಿಯವ ಬಂದ್ರ ಹಿಂದಿನ ಸೀಟು ನಮಗ ಕೊಡ್ರಿ, ಕಟ್ಟಿ ಮ್ಯಾಲ ಹಾಕ್ಕೋತೇವಿ” ಅಂದಳು. ಚನ್ನವ್ವ ಆಕೆಗೆ ಚಹಾ ಕೊಡದೆ ಕಳಿಸಿದಳು. ಹಾಗೆ ಆ ಮನೆಯಿಂದ ಹಿಂದೆ ಯಾರೂ ಹೋಗಿರಲಿಲ್ಲ.

“ಮುದಿ ಎತ್ತನ್ನ ಕಸಾಯಿಗೆ ಕೊಡಾಂಗಿಲ್ಲ ನಮ್ಮ ಮನ್ಯಾಗ,” ಎಂದು ಒಳಗಿನಿಂದ ಆಕೆಯ ದನಿ ಕೇಳಿಸಿತು.

ಮೆಕ್ಯಾನಿಕ್ ಸಖಾರಾಮನನ್ನು ಕರೆಸಿದರು. ಅವನು ಬಾನೆಟ್ ಎತ್ತಿ, ಗಾಳಿ ಹೋಗುವ ಡಬ್ಬಿ ಬಿಚ್ಚಿ, ಒಳಗೆ ಕೈ ಹಾಕಿ ಹತ್ತಿಯ ಧೂಳನ್ನು ಎಳೆಯತೊಡಗಿದ. ಮಗ್ಗದ ಶೆಡ್ಡಿನ ಪಕ್ಕದಲ್ಲಿ ಇಷ್ಟು ವರ್ಷ ನಿಂತ ಕಾರು, ಓಣಿಯವರೆಲ್ಲ ನೇಯ್ದ ಬಟ್ಟೆಯಲ್ಲಿ ತನ್ನ ಪಾಲನ್ನು ತಪ್ಪದೆ ವಸೂಲು ಮಾಡಿತ್ತು. ಒಂದು ದಿಂಬಿಗೆ ಆಗುವಷ್ಟು ಹೊರಬಂದಿತು.

“ಇದು ಉಸುರು ಹ್ಯಾಂಗ ಆಡ್ತಿತ್ತೋ ಆ ದೇವರಿಗೆ ಗೊತ್ತು,” ಎಂದ ಸಖಾರಾಮ. ಎರಡು ದಿನ ಅದರ ಹೊಟ್ಟೆಯೊಳಗೇ ಇದ್ದು ಏನೇನೋ ತಿಕ್ಕಿ, ಬದಲಿಸಿ, ಬಿಗಿದ. ಶನಿವಾರ ಸಾಯಲಿಯ ಯಂತ್ರ ಕಿರಗುಟ್ಟದೆ ಚೀಟಿ ಕೊಟ್ಟಿತು. ಇನ್ನು ಸೋಮವಾರ ಕೊಲ್ಲಾಪುರದ ತಪಾಸಣೆ ಮೈದಾನದಲ್ಲಿ ಸಾಹೇಬರು ಗಾಡಿ ನೋಡಿ, ಹೊಗೆ ಇನ್ನೊಮ್ಮೆ ಅಳೆದು, ಹೂಂ ಅಂದರೆ ನೋಂದಣಿ ಮುಂದುವರಿಯುತ್ತದೆ. ಅಲ್ಲಿಂದ ಹಾಗೆಯೇ ಗಡಹಿಂಗ್ಲಜಕ್ಕೆ ಹೋಗಿ ಮಗಳನ್ನು ಕರೆತರುವುದು. ಚನ್ನವ್ವ ಮುಂಜಾನೆಯೇ ಎಸ್.ಟಿ. ಬಸ್ಸಿಗೆ ಹೋಗಿ, ಮಗಳ ಉಡಿ ತುಂಬಿ, ತಯಾರು ಮಾಡಿ ಇಡುವುದು. ಎಲ್ಲ ಹೊಂದಿಕೊಂಡಿತು. ಒಂದು ಎಳೆ ತಪ್ಪಿದರೂ ಮಗ್ಗ ನಿಲ್ಲುವ ಹಾಗೆ ಹೊಂದಿಕೊಂಡಿತು.

ನಡುವೆ ಭಾನುವಾರ ಬಂತು. ಅಂದು ಕರ್ನಾಟಕಿ ಬೆಂದೂರ.

ಚನ್ನವ್ವ ಕಾರು ತೊಳೆದಳು. ದೀಪಗಳ ಸುತ್ತ ಅರಿಷಿಣ ಬಳಿದಳು, ಗೊಂಡೆ ಕಟ್ಟಿದಳು. ದಾನೋಳಿಯ ಕೊಟ್ಟಿಗೆಯಿಂದ ತಂದು ಜಂತಿಗೆ ಸಿಗಿಸಿದ್ದ ಗೊಟ್ಟವನ್ನೂ ಇಳಿಸಿ ಕುಂಕುಮ ಹಚ್ಚಿದಳು. ಗೊಟ್ಟ ಎಂದರೆ ಬಿದಿರಿನ ಕೊಳವೆ. ಬೆಂದೂರದ ದಿನ ಎತ್ತಿನ ಬಾಯಿ ಎತ್ತಿ ಹಿಡಿದು, ಎಣ್ಣೆ ಔಷಧಗಳನ್ನು ಗಂಟಲಿಗೆ ಇಳಿಸುವುದು ಅದರಿಂದಲೇ. ಕಾಡಸಿದ್ದ ಕಾಯಿ ಒಡೆದು, ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ಉಂಡು ಮಲಗಿದ. ವಾರದ ಚಿಂತೆಯೆಲ್ಲ ಸೇರಿ ಅವನಿಗೆ ಎಂದೂ ಬರದಂಥ ನಿದ್ದೆ ಬಂತು. ಆ ನಿದ್ದೆಯೇ ಅವನನ್ನು ಹಾಳು ಮಾಡಿತು.

ಸೋಮವಾರ ಮೈದಾನದಲ್ಲಿ ಗಾಡಿಗಳ ಸಾಲು ಉದ್ದವಿತ್ತು. ಧೈರ್ಯಕ್ಕೆಂದು ಜೊತೆಗೆ ಬಂದಿದ್ದ ಕೃಷ್ಣಾತ ದಾರಿಯುದ್ದಕ್ಕೂ ಯಾರ ಯಾರ ಗಾಡಿ ನಾಪಾಸಾಯಿತೆಂಬ ಕಥೆ ಹೇಳಿ ಇದ್ದ ಧೈರ್ಯವನ್ನೂ ತೆಗೆದಿದ್ದ. ಸರ್ಜ್ಯಾ ಕೊಲ್ಲಾಪುರದವರೆಗೆ ಬಂದದ್ದೇನೋ ನಿಜ, ಆದರೆ ಏಕೋ ಉಸಿರು ಬಿಗಿಹಿಡಿದುಕೊಂಡು ಬಂದಿತ್ತು. ಹಿಂದೆ ಬೆಲ್ಲದ ಅಂಟು ಮೆತ್ತಿದ ಒಂದು ಹಳೆಯ ಟೆಂಪೋ ನಿಂತಿತ್ತು. ಅದರ ಪಕ್ಕದಲ್ಲಿ ಒಬ್ಬ ಬಿಳಿ ಅಂಗಿಯವನು ಟವೆಲಿನಿಂದ ಮುಖ ಪೂರ್ತಿ ಮುಚ್ಚಿಕೊಂಡಿದ್ದ.

ಇನ್ಸ್‌ಪೆಕ್ಟರ್ ಅಭಿಜಿತ ತರುಣ, ಸೌಮ್ಯ ಸ್ವಭಾವದವ. ದೀಪ ನೋಡಿದ, ಬ್ರೇಕ್ ನೋಡಿದ, ದೀಪದ ಸುತ್ತಲಿನ ಅರಿಷಿಣ ನೋಡಿ ಮುಗುಳ್ನಕ್ಕ. “ಛಾನ ಠೇವಲೀಯ, ಕಾಕಾ. ಗಾಡಿ ಭಾಳ ಪ್ರೀತಿಲೆ ಇಟ್ಟೀರಿ. ಈಗ ಚಾಲೂ ಮಾಡ್ರಿ, ರೇಸ್ ಕೊಡ್ರಿ.”

ಕಾಡಸಿದ್ದ ಮನೆದೇವರನ್ನು ನೆನೆದು ಕಾಲು ಒತ್ತಿದ.

ಮೊದಲು ಬಂದದ್ದು ವಾಸನೆ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಸಾಲಿನಲ್ಲಿ ಮುಂಜಾನೆಯಿಂದ ಹಸಿದು ನಿಂತ ಚಾಲಕರೆಲ್ಲ ಒಮ್ಮೆಗೇ ಮೂಗು ಎತ್ತಿದರು.

“ಎಲ್ಲೋ ಭಜಿ ಕರ್ಯಾಕತ್ಯಾರ,” ಎಂದ ಕೃಷ್ಣಾತ.

ಆಮೇಲೆ ಅಜವಾನದ ಘಾಟು ಬಂತು. ಅದರ ಹಿಂದೆ ಸೀದ ಬೆಲ್ಲದ ವಾಸನೆ. ಕಾಡಸಿದ್ದನಿಗೆ ಏನೋ ಅನುಮಾನ ಹುಟ್ಟಿತು, ಆದರೆ ಕಾಲು ಬುದ್ಧಿಗಿಂತ ಮುಂದೆ ಹೋಗಿ ಇನ್ನಷ್ಟು ಜೋರಾಗಿ ಒತ್ತಿತ್ತು. ಸರ್ಜ್ಯಾ ನಡುಗಿ, ಹೂಂಕರಿಸಿ, ಹಳದಿ ಮಿಶ್ರಿತ ಬಿಳಿ ಹೊಗೆಯ ಒಂದು ಮೋಡವನ್ನೇ ಹೊರಹಾಕಿತು. ಮೋಡ ನೇರವಾಗಿ ಹಿಂದಿನ ಬಿಳಿ ಅಂಗಿಯವನನ್ನು ನುಂಗಿತು. ಒಳಗಿನಿಂದ ಕೆಮ್ಮು ಕೇಳಿಸಿತು. ಹೊಗೆ ತಿಳಿಯಾದಾಗ ಟವೆಲು ಜಾರಿ ಬಿದ್ದಿತ್ತು.

“ಬೀಗರ! ನೀವ್ಯಾಕ ಇಲ್ಲಿ?” ಎಂದು ಕೂಗಿದ ಕಾಡಸಿದ್ದ.

ಹಾಲಸಿದ್ದಪ್ಪ ಕಣ್ಣೊರೆಸಿಕೊಂಡು, “ಹಿಂಗ... ಹಾದ್ಯಾಗ ಹೊಂಟಿದ್ದೆ” ಎಂದ. ಟೆಂಪೋ ಸಮೇತ ಸಾಲಿನಲ್ಲಿ ನಿಂತವನು ಯಾವ ಹಾದಿಯಲ್ಲಿ ಹೊರಟಿದ್ದನೋ ಯಾರೂ ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಭಿಜಿತ ಯಂತ್ರದ ನಳಿಗೆ ಹೊರಗೆಳೆದಿದ್ದ. ಅದರ ತುದಿಗೆ ಹಳದಿಯ ಒಂದು ಅಂಟು ಮುದ್ದೆ ಹತ್ತಿಕೊಂಡಿತ್ತು.

“ಕಾಕಾ, ಹೇ ಕಾಯ ಆಹೆ? ಸೈಲೆನ್ಸರ್ ಒಳಗ ಏನ ಹಾಕೀರಿ?”

“ನಾ ಏನೂ ಹಾಕಿಲ್ರಿ ಸಾಹೇಬ್ರ! ಮಗಳ ಮ್ಯಾಲ ಆಣಿ!”

“ಯಾರು ಹಾಕ್ಯಾರ ಕೇಳ್ರಿ. ಮಶೀನ್ ಕೆಟ್ಟರ ನಾ ಏನ ಬರೀಲಿ? ಅಜವಾನ ಅಂತ ಬರೀಲ್ಯಾ?” ಅಭಿಜಿತ ಹಾಳೆಯ ಮೇಲೆ ‘ನಾಪಾಸ’ ಎಂದು ಬರೆದ. “ಸಾಫ್ ಮಾಡಿಸಿ ಮತ್ತ ತರ್‍ರಿ. ಪಾಸ್ ಆಗೂತನಕಾ ರಸ್ತಾದಾಗ ಹೊಡ್ಯಾಂಗಿಲ್ಲ. ಇಲ್ಲಿಂದ ಎಳಕೊಂಡು ಹೋಗ್ರಿ.”

ಹಾಲಸಿದ್ದಪ್ಪನ ಮುಖದ ಮೇಲೆ ಹೊಗೆಯ ನಡುವೆಯೂ ಒಂದು ಕಳೆ ಬಂತು. “ಬೀಗರ,” ಎಂದ ಮೆತ್ತಗೆ, “ಮಾತು ಅಂದ್ರ ಮಾತು.”

ಕಾಡಸಿದ್ದ ಕಾರಿನ ಬಾಗಿಲು ಹಿಡಿದು ನಿಂತ. ಮೊದಲ ಸಲ ಬಾಯಿ, ಬುದ್ಧಿ ಎರಡೂ ಒಟ್ಟಿಗೇ ಬಂದು ಸೇರಿದ್ದವು, ಮತ್ತು ಎರಡಕ್ಕೂ ಹೇಳಲು ಏನೂ ಇರಲಿಲ್ಲ. ಗಡಹಿಂಗ್ಲಜದಲ್ಲಿ ಮಗಳು ಉಡಿ ತುಂಬಿಸಿಕೊಂಡು ದಾರಿ ಕಾಯುತ್ತಿರುತ್ತಾಳೆ. ನೋವು ಬಂದಾಗ ಅವ್ವನ ಕೈ ಹಿಡಿಯಬೇಕೆಂದು ಆಸೆಪಟ್ಟಿದ್ದ ಹುಡುಗಿ. ನನ್ನ ಸುಡುಗಾಡು ಜಂಬಕ್ಕೆ ಆಕೆಯ ತವರು ತಪ್ಪಿತಲ್ಲ ಎಂದು ಅವನ ಕಣ್ಣು ತುಂಬಿತು. ಬೆಳ್ಳುಳ್ಳಿ ಹೊಗೆಯ ಉಪಕಾರದಿಂದ ಅದು ಯಾರಿಗೂ ತಿಳಿಯಲಿಲ್ಲ.

“ಮೊದಲ ಚನ್ನವ್ವ ವೈನಿಗೆ ಫೋನ್ ಹಚ್ಚು,” ಎಂದ ಕೃಷ್ಣಾತ, ಮತ್ತು ತಾನೇ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಅಭಿಜಿತನೂ ಕಿವಿಗೊಟ್ಟು ನಿಂತ.

“ಚನ್ನವ್ವ, ಸರ್ಜ್ಯಾನ ಹಿಂದಿನ ಕೊಳವ್ಯಾಗ ಏನರ ಹಾಕೀ ಏನು?” ಎಂದು ಕೇಳಿದ ಕಾಡಸಿದ್ದ.

“ಹೂಂ. ಗೊಟ್ಟಾ ಹಾಕೇನಿ,” ಎಂದಿತು ಚನ್ನವ್ವನ ನಿರ್ಮಲ ದನಿ. “ಕುಸುಬಿ ಎಣ್ಣಿ, ಅರಿಷಿಣ, ಬಳ್ಳೊಳ್ಳಿ, ಅಜವಾನ. ಬೀಗರು ಕೊಟ್ಟ ಬೆಲ್ಲಾನೂ ಹಾಕೇನಿ. ನೀವು ಮಲಗಿದ್ರಿ.”

“ಅಲ್ಲೇ, ಅದು ಹಿಂದಿನ ಬಾಜೂ! ಬಾಯಿ ಅಲ್ಲ ಅದು!”

“ಕೆಮ್ಮು ಎಲ್ಲಿಂದ ಬರತೈತಿ? ಅಲ್ಲಿಂದನ ಹೌದಿಲ್ಲೋ? ಅಂದ ಮ್ಯಾಲ ಗಂಟಲಾ ಅಲ್ಲೇ ಇರಬೇಕಲ್ಲ?”

ಅಭಿಜಿತ ಬಗ್ಗಿ ಹೊಗೆ ಕೊಳವೆಯನ್ನು ಇನ್ನೊಮ್ಮೆ ನೋಡಿದ. ಅವನು ಕಲಿತ ಪುಸ್ತಕಗಳಲ್ಲಿ ಗಾಡಿಯ ಗಂಟಲಿನ ಪಾಠವಿರಲಿಲ್ಲ.

“ಮನೀಷಾನ್ನ ಇದ ಗಾಡಿ ಹೊತ್ತು ತಂದಿತ್ತು,” ಚನ್ನವ್ವ ಹೇಳುತ್ತಲೇ ಇದ್ದಳು. “ಈಗ ಆಕಿ ಕೂಸನ್ನೂ ತರೂದೈತಿ. ಬಸರಿ ಹುಡುಗಿ ಕುಂತಾಗ ಅದು ಕೆಮ್ಮಬಾರದಂತ ಹಾಕಿದೆ. ನಂದೇನ ತಪ್ಪಾತೇನ್ರಿ?”

ಹಾಲಸಿದ್ದಪ್ಪ ನೆಲ ನೋಡಿದ. ಸೊಸೆಯನ್ನು ಹೊಗೆಯಿಂದ ಉಳಿಸಬೇಕೆಂದೇ ಅವನೂ ಹಟ ಹಿಡಿದಿದ್ದ.

“ತಪ್ಪಿಲ್ಲ ಬಿಡು,” ಎಂದ ಕಾಡಸಿದ್ದ. “ಗಾಡಿ ನಾಪಾಸ ಆತು. ನಾ ಬರಾಕ ಆಗೂದಿಲ್ಲ. ಮನೀಷಾಗ... ಹ್ಯಾಂಗ ಹೇಳ್ತೀ ನೋಡು.”

“ಆಕಿಗೇನ ಹೇಳೂದು? ಇಲ್ಲೇ ಬಾಜೂಕ ನಿದ್ದಿ ಮಾಡಾಕತ್ಯಾಳ. ನಾವು ಆಗಲೇ ನಿಪ್ಪಾಣಿ ದಾಟೇವಿ.”

ಹಾಲಸಿದ್ದಪ್ಪ ಫೋನಿನ ಹತ್ತಿರಕ್ಕೆ ಬಂದ.

“ನಿಪ್ಪಾಣಿ? ಯಾವ ಗಾಡ್ಯಾಗ?”

“ಬೀಗರ ಹೊಸಾ ಕಾರಿನ್ಯಾಗ. ಒಳ್ಳೇ ಗಳಿಗಿ ಮೀರಾಕತ್ತಿತ್ತು, ನಿಮ್ಮ ಪತ್ತೆ ಇಲ್ಲ. ಬೀಗರೂ ಎಲ್ಲೋ ಹೋಗ್ಯಾರಂತ. ಮನೀಷಾ ಅಳಿಯಂದ್ರ ಮುಖಾ ನೋಡಿದ್ಳು, ಸ್ವಪ್ನಿಲ ಚಾವಿ ತಗೊಂಡು ಬಂದ್ರು. ಭಾಳ ಸಾವಕಾಶ ಹೊಡ್ಯಾಕತ್ಯಾರ. ಬೀಗರಿಗೆ ಹೇಳಬ್ಯಾಡ್ರಿ ಮತ್ತ, ಸಂಜೀ ಒಳಗ ಗಾಡಿ ತಿರುಗಿ ಇಡ್ತಾರಂತ!”

ಫೋನು ಕಟ್ಟಾಯಿತು. ಕೃಷ್ಣಾತ ಅದನ್ನು ಬಾಂಬು ಹಿಡಿದವನಂತೆ ದೂರ ಹಿಡಿದು ನಿಂತಿದ್ದ.

“ನನ್ನ ಕಾರು?” ಎಂದ ಹಾಲಸಿದ್ದಪ್ಪ ತಗ್ಗಿದ ದನಿಯಲ್ಲಿ. “ಸೀಟಿನ ಪ್ಲಾಸ್ಟಿಕ್ ಇನ್ನೂ ತಗದಿಲ್ಲ ಅದರದು! ಮತ್ತ ನನ್ನ ಮಾತು? ಇದ ಗಾಡಿ ಬರಬೇಕಂತ ಅಂದಿದ್ದೆ!”

ಕಾಡಸಿದ್ದ ಟವೆಲು ಎತ್ತಿ, ಝಾಡಿಸಿ, ಬೀಗರ ಕೈಗೆ ಕೊಟ್ಟ. ಜೀವಮಾನದಲ್ಲಿ ಒಮ್ಮೆಯಾದರೂ ಅವನ ಬಾಯಿಂದ ಸರಿಯಾದ ಮಾತು, ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ಬಂತು. “ಕಾಗದಾ ಪಕ್ಕಾ ಇರೋ ಗಾಡಿ ಬೇಕಂದ್ರಿ, ಪಕ್ಕಾ ಅದಾವು. ಹೊಗಿ ಬ್ಯಾಡಂದ್ರಿ, ಹೊಗಿ ಇಲ್ಲ. ಬಾಡಗಿ ಗಾಡೀನೂ ಅಲ್ಲ. ಇನ್ನೇನ್ರಿ ಬೀಗರ?”

ಹಾಲಸಿದ್ದಪ್ಪ ಬಹಳ ಹೊತ್ತು ಲೆಕ್ಕ ಹಾಕಿದ. ‘ಇದ ಗಾಡಿ’ ಒಂದನ್ನು ಬಿಟ್ಟರೆ ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಸಿಗಲಿಲ್ಲ. ಅವನ ಟೆಂಪೋ ಅಂದು ಹೇಗೋ ಪಾಸಾಯಿತು. ಟೆಂಪೋದ ಹಿಂದೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಸರ್ಜ್ಯಾನನ್ನು ಕಟ್ಟಿ, ಗೊಂಡೆ ಸಮೇತ ಇಚಲಕರಂಜಿಯ ದಾರಿ ಹಿಡಿದರು. ಸಂತೆಯಿಂದ ಎತ್ತು ಹೊಡೆದುಕೊಂಡು ಬರುವ ಹಾಗೆ ಇಬ್ಬರು ಬೀಗರು ಮುಂದೆ ಕುಳಿತಿದ್ದರು. ಹಿಂದೆ ಸರ್ಜ್ಯಾನ ಸ್ಟೀರಿಂಗ್ ಹಿಡಿದಿದ್ದ ಕೃಷ್ಣಾತ ಒಬ್ಬನೇ ಹಾಡು ಹೇಳುತ್ತಿದ್ದ.

ಶಹಾಪುರದ ಮನೆಯ ಮುಂದೆ ಓಣಿಯೇ ನೆರೆದಿತ್ತು. ಹೊಸ ಕಾರು ಪಕ್ಕದಲ್ಲಿ ನಿಂತಿತ್ತು. ತನ್ನ ಅಪ್ಪ ಹಾಲಸಿದ್ದಪ್ಪನನ್ನು ಕಂಡು ಅಳಿಯ ಸ್ವಪ್ನಿಲ ಹಿತ್ತಲಿಗೆ ನಡೆದ. ಮನೀಷಾ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಮೂಗರಳಿಸಿ, “ಅಪ್ಪಾ, ಗಾಡಿ ಎಷ್ಟು ಚಲೋ ವಾಸನಿ ಬರಾಕತ್ತೈತಿ! ಬಳ್ಳೊಳ್ಳಿ ಒಗ್ಗರಣಿ ಅನ್ನಾ ಉಣಬೇಕನಸ್ತೈತಿ” ಎಂದಳು. ಬಸುರಿಯ ಬಯಕೆ. ಕಾಡಸಿದ್ದ ಮಗಳ ತಲೆಯ ಮೇಲೆ ಕೈ ಇಟ್ಟ.

ಚನ್ನವ್ವ ತಂಬಿಗೆ ತಂದು ಸರ್ಜ್ಯಾನ ಚಕ್ರಕ್ಕೆ ನೀರು ಹಾಕಿದಳು. ಬೀಗರಿಗೆ ಚಹಾ ಕೊಟ್ಟಳು. ಅಷ್ಟರಲ್ಲಿ ಕೃಷ್ಣಾತ ಬದಿಗೆ ಹಚ್ಚುತ್ತಿದ್ದ ಹಾಲಸಿದ್ದಪ್ಪನ ಟೆಂಪೋ, ಬಂದ್ ಮಾಡುವ ಮೊದಲು, ಸುಮ್ಮನಿರಲಾರದೆ ಎರಡು ಸಲ ಕೆಮ್ಮಿತು.

ಚನ್ನವ್ವ ತಿರುಗಿ ನೋಡಿದಳು. ಆಕೆಯ ಮುಖದಲ್ಲಿ ಮರುಕ ಮೂಡಿತು.

“ಅಯ್ಯ, ಬೀಗರ, ಪಾಪ, ಇದಕ್ಕೂ ನೆಗಡಿ ಆಗೇತಲ್ರಿ. ಎಣ್ಣಿ ಇನ್ನೂ ಐತಿ, ನಿಂದರ್‍ರಿ ಬಂದೆ,” ಎಂದು ಜಂತಿಯ ಗೊಟ್ಟಕ್ಕೆ ಕೈ ಹಾಕಲು ಒಳಗೆ ಹೋದಳು.

ಹಾಲಸಿದ್ದಪ್ಪ ಚಹಾದ ಬಸಿ ಹಿಡಿದುಕೊಂಡೇ ಎದ್ದ, ಟೆಂಪೋದ ಹಿಂದೆ ಹೋದ, ಹೊಗೆ ಕೊಳವೆಗೆ ಬೆನ್ನು ಅಡ್ಡ ಕೊಟ್ಟು ಕುಕ್ಕರುಗಾಲಿನಲ್ಲಿ ಕುಳಿತ. ರಾತ್ರಿ ಊಟಕ್ಕೂ ಅವನು ಅಲ್ಲಿಂದ ಏಳಲಿಲ್ಲ. ಒಗ್ಗರಣೆ ಅನ್ನವನ್ನು ಮನೀಷಾಳೇ ಅಲ್ಲಿಗೆ ಒಯ್ದು ಬಡಿಸಿದಳು.